ಓದುಗರ ಪ್ರಶ್ನೆ, ಕಾರ್ಯಾಗಾರದ ಉತ್ತರ: ಮೀಟರ್ ಮೊದಲು, ರೋಬೋ ಆಮೇಲೆ

ಕೈಯಾರೆ ಎಲೆಕ್ಟ್ರಾನಿಕ್ಸ್ ಕಲಿಯುವ, ಕಲಿಸುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರ ಪತ್ರಗಳಿವು. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಮಾತು ಬದಲಿಸಿಲ್ಲ.

ಪ್ರಶ್ನೆ: ದಸರಾ ರಜೆಯಲ್ಲಿ 8 ಮತ್ತು 9ನೇ ತರಗತಿಯ 24 ಮಕ್ಕಳಿಗೆ ಎರಡು ದಿನದ ಎಲೆಕ್ಟ್ರಾನಿಕ್ಸ್ ಕಾರ್ಯಾಗಾರ ಮಾಡಬೇಕೆಂದಿದ್ದೇವೆ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ಯೋಜನೆಯಡಿ ಶಾಲೆಯಲ್ಲಿರುವ ಪ್ರಯೋಗ ಕೋಣೆ) ಇಲ್ಲ. ಮೊದಲ ದಿನ ಆರ್ಡುಯಿನೋ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್), ಎರಡನೇ ದಿನ ಗೆರೆ ಹಿಡಿದು ಓಡುವ ರೋಬೋ ಎಂಬ ಯೋಜನೆ ಸರಿಯೇ? ಏನೇನು ಎಷ್ಟೆಷ್ಟು ತರಿಸಬೇಕು?
– ವಿಜ್ಞಾನ ಶಿಕ್ಷಕಿ, ಜಮಖಂಡಿ

ಉತ್ತರ: ರೋಬೋ ಸದ್ಯಕ್ಕೆ ಬೇಡ, ಟೀಚರ್. ಎರಡು ದಿನದಲ್ಲಿ ರೋಬೋ ಓಡುತ್ತದೆ ನಿಜ. ಆದರೆ ಓಡಿಸುವವರು ಕಲಿಸಲು ಬಂದವರೇ ಆಗಿರುತ್ತಾರೆ, ಮಕ್ಕಳು ವಿಡಿಯೋ ತೆಗೆಯುತ್ತಿರುತ್ತಾರೆ. ಒಂದು ತಂತಿ ಕಳಚಿದರೂ ಎಲ್ಲಿ ಹುಡುಕಬೇಕೆಂದು ಯಾವ ಮಗುವಿಗೂ ಗೊತ್ತಾಗುವುದಿಲ್ಲ. ಈ ಎರಡೂ ದಿನ ವೋಲ್ಟೇಜ್, ತಡೆ ಅಳೆಯುವ ಮಲ್ಟಿಮೀಟರಿಗೆ ಮೀಸಲಿಡಿ.

24 ಮಕ್ಕಳೆಂದರೆ 12 ಜೋಡಿ. ಒಂದು ಬ್ರೆಡ್‌ಬೋರ್ಡಿಗೆ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಕಟ್ಟುವ ತೂತಿನ ಹಲಗೆ) ಮೂವರನ್ನು ಕೂರಿಸಿದರೆ ಒಬ್ಬರು ಸುಮ್ಮನೆ ನೋಡುತ್ತಾರೆ, ಆ ಒಬ್ಬರು ಬಹುತೇಕ ಹುಡುಗಿಯೇ ಆಗಿರುತ್ತಾಳೆ. ಇಬ್ಬರಲ್ಲಿ ಒಬ್ಬರು ಚಿತ್ರ ಓದಿ ಹೇಳಬೇಕು, ಇನ್ನೊಬ್ಬರು ಜೋಡಿಸಬೇಕು. ಪ್ರತಿ ಸರ್ಕ್ಯೂಟಿಗೆ ಅದಲುಬದಲು. ನಾಲ್ಕು ಜೋಡಿಗೆ ಒಬ್ಬರಂತೆ ಮೂವರು ಸಹಾಯಕರು ಸಾಕು. ಹತ್ತಿರದ ಪಾಲಿಟೆಕ್ನಿಕ್ ಅಥವಾ ಐಟಿಐ ವಿದ್ಯಾರ್ಥಿಗಳನ್ನು ಕರೆಯಿರಿ. ಅವರಿಗೆ ಮೊದಲೇ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿಡಿ: ಮಕ್ಕಳ ಬೋರ್ಡಿಗೆ ಕೈ ಹಚ್ಚುವಂತಿಲ್ಲ. ‘ಸರ್, ಹತ್ತವಲ್ದು’ ಎಂದರೆ, ‘ಎಲ್ಲೆಲ್ಲಿ ಅಳತಿ ಮಾಡೀರಿ? ಮೀಟರ್ ಏನ್ ತೋರಿಸ್ತು?’ ಎಂದಷ್ಟೇ ಕೇಳಬೇಕು.

ಪ್ರತಿ ಜೋಡಿಗೆ ಬೇಕಾದದ್ದು: 400 ತೂತಿನ ಬ್ರೆಡ್‌ಬೋರ್ಡ್ ಒಂದು, ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಒಂದು, ನಾಲ್ಕು ಪೆನ್ ಸೆಲ್ ಹಿಡಿಯುವ ಸ್ವಿಚ್ ಇರುವ ಹೋಲ್ಡರ್. ಕೆಂಪು ಎಲ್‌ಇಡಿ ನಾಲ್ಕು, ಹಸಿರು ಎರಡು. ರೆಸಿಸ್ಟರ್‌ಗಳಲ್ಲಿ 330 ಓಮ್ ಆರು. 1ಕೆ (ಕೆ ಎಂದರೆ ಸಾವಿರ ಓಮ್), 10ಕೆ ನಾಲ್ಕು ನಾಲ್ಕು. 68ಕೆ, 100ಕೆ ಎರಡೆರಡು. 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಎರಡು, 103 ಎಂದು ಬರೆದಿರುವ ಸಣ್ಣ ಬಿಲ್ಲೆ ಕೆಪ್ಯಾಸಿಟರ್ ಎರಡು. ಬಿಸಿ547 ಟ್ರಾನ್ಸಿಸ್ಟರ್ ಮೂರು, ಬೆಳಕು ಬಿದ್ದರೆ ತಡೆ ಇಳಿಯುವ ಎಲ್‌ಡಿಆರ್ ಒಂದು, ಸಮಯ ಎಣಿಸಿ ಮಿನುಗಿಸುವ 555 ಐಸಿ ಎರಡು. ತಂತಿಗೆ ಹೊಸ ಜಂಪರ್ ಕೊಳ್ಳಬೇಕೆಂದೇನಿಲ್ಲ. ಒಂದೇ ಎಳೆಯ ಲ್ಯಾನ್ ಕೇಬಲ್ಲಿನ ತುಂಡು ಸಿಕ್ಕರೆ ಒಂದು ಮೀಟರಿನಲ್ಲಿ ಎಂಟು ಬಣ್ಣದ ತಂತಿ ಸಿಗುತ್ತವೆ. ತುದಿಯಲ್ಲಿ 7–8 ಮಿಲಿಮೀಟರ್ ಸುಲಿದರೆ ಬ್ರೆಡ್‌ಬೋರ್ಡಿನಲ್ಲಿ ಗಟ್ಟಿ ಕೂರುತ್ತದೆ. ಹಲವು ಎಳೆಯ ಮೆತ್ತನೆ ವೈರ್ ತರಬೇಡಿ, ತೂತಿನೊಳಗೆ ಮಡಚಿಕೊಳ್ಳುತ್ತದೆ. ಸಣ್ಣ ಬಿಡಿಭಾಗಗಳನ್ನು ಐದಕ್ಕೊಂದರಂತೆ ಹೆಚ್ಚಿಗೆ ತರಿಸಿ. ಎಲ್‌ಇಡಿ ಸುಡುತ್ತವೆ, ಐಸಿಯ ಕಾಲು ಮುರಿಯುತ್ತವೆ, ಇನ್ನು ಕೆಲವು ಬೆಂಚಿನ ಸಂದಿಯಲ್ಲಿ ಬಿದ್ದು ಹೋಗುತ್ತವೆ.

ಸೆಲ್ ವಿಷಯದಲ್ಲಿ ದುಬಾರಿಯದ್ದು ಒಳ್ಳೆಯದೆಂದುಕೊಳ್ಳಬೇಡಿ. ಸಾದಾ ಝಿಂಕ್ ಕಾರ್ಬನ್ ಸೆಲ್ಲಿನ ಒಳಗಿನ ತಡೆ ಹೆಚ್ಚು, ಆದ್ದರಿಂದ ಮಕ್ಕಳು ಶಾರ್ಟ್ ಮಾಡಿದರೂ ತಂತಿ ಅಷ್ಟಾಗಿ ಕಾಯುವುದಿಲ್ಲ. ಆಲ್ಕಲೈನ್ ಆದರೆ ಬೆರಳು ಚುರುಗುಟ್ಟುತ್ತದೆ. ಮೊಬೈಲ್, ಲ್ಯಾಪ್‌ಟಾಪಿನಿಂದ ಕಿತ್ತ ಲಿಥಿಯಂ ಸೆಲ್ ಮಾತ್ರ ಮಕ್ಕಳ ಕೋಣೆಯೊಳಗೇ ಬರಕೂಡದು.

ಮೊದಲ ದಿನ ಬೆಳಿಗ್ಗೆ ಬ್ರೆಡ್‌ಬೋರ್ಡಿನ ಒಳಗೆ ಹೇಗಿದೆ ಎಂದು ಹಲಗೆಯ ಮೇಲೆ ಬರೆಯಲೇಬೇಡಿ. ಮೀಟರನ್ನು ಬೀಪ್‌ಗೆ ಇಟ್ಟು, ಯಾವ ತೂತಿಗೂ ಯಾವ ತೂತಿಗೂ ನಂಟಿದೆ ಎಂದು ಮಕ್ಕಳೇ ಕಂಡುಹಿಡಿಯಲಿ. ಅಡ್ಡಕ್ಕೆ ಐದೈದು ತೂತು ಒಂದು, ನಡುವಿನ ಕಾಲುವೆ ದಾಟಿದರೆ ಬೀಪ್ ಇಲ್ಲ, ಅಂಚಿನ ಉದ್ದ ಸಾಲು ಪೂರ್ತಿ ಒಂದು ಎಂಬುದನ್ನು ಅರ್ಧ ಗಂಟೆಯಲ್ಲಿ ಹಿಡಿಯುತ್ತಾರೆ. 830 ತೂತಿನ ದೊಡ್ಡ ಬೋರ್ಡ್ ಬಂದಿದ್ದರೆ ಅಂಚಿನ ಸಾಲು ಕೆಲವದರಲ್ಲಿ ಅರ್ಧಕ್ಕೇ ತುಂಡಾಗಿರುತ್ತದೆ. ಬಾಯಿಪಾಠ ಮಾಡಿದವರು ಅಲ್ಲಿ ಎಡವುತ್ತಾರೆ, ಅಳೆದವರು ಎಡವುವುದಿಲ್ಲ.

ಆಮೇಲೆ ಒಂದು ಕೆಂಪು ಎಲ್‌ಇಡಿ, ಅದಕ್ಕೆ ಸಾಲಾಗಿ 330 ಓಮ್. ಎಲ್‌ಇಡಿಯ ಎರಡು ಕಾಲಿನ ನಡುವೆ ಸುಮಾರು 1.9 ವೋಲ್ಟ್, ರೆಸಿಸ್ಟರಿನ ಮೇಲೆ ಸುಮಾರು 4.1, ಕೂಡಿಸಿದರೆ ಸೆಲ್ಲಿನ 6. ಈ ಮೂರು ಅಂಕಿ ಮಗುವಿನ ನೋಟ್‌ಬುಕ್ಕಿನಲ್ಲಿ ಬಂದರೆ ಆ ದಿನದ ಕೂಲಿ ಬಂದಂತೆ. 4.1 ಭಾಗಿಸು 330 ಎಂದರೆ 12 ಮಿಲಿಆಂಪಿಯರ್. ಕರೆಂಟನ್ನು ಹೀಗೆ ಲೆಕ್ಕದಿಂದಲೇ ತೆಗೆಸಿ. ಮೀಟರಿನ ಆಂಪಿಯರ್ ಸ್ಥಾನ ಮೊದಲ ದಿನ ಬೇಡ. ಆಂಪಿಯರಿಗಿಟ್ಟ ಮೀಟರಿನ ಕಡ್ಡಿಗಳನ್ನು ಯಾರಾದರೂ ಸೆಲ್ಲಿಗೆ ಹಚ್ಚುತ್ತಾರೆ, ಒಳಗಿನ ಫ್ಯೂಸ್ ಹೋಗುತ್ತದೆ. ಅಗ್ಗದ ಮೀಟರುಗಳಲ್ಲಿ 10 ಆಂಪಿಯರಿನ ತೂತಿಗೆ ಫ್ಯೂಸೇ ಇರುವುದಿಲ್ಲ.

ಮಧ್ಯಾಹ್ನ ಕತ್ತಲಾದರೆ ಹೊತ್ತುವ ದೀಪ. ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪ್ಲಸ್‌ನಿಂದ ಬೇಸಿಗೆ ಒಂದು ರೆಸಿಸ್ಟರ್, ಬೇಸಿನಿಂದ ಮೈನಸ್ಸಿಗೆ ಎಲ್‌ಡಿಆರ್. ಎಮಿಟರ್ ನೇರ ಮೈನಸ್ಸಿಗೆ. ಪ್ಲಸ್‌ನಿಂದ 330 ಓಮ್, ಎಲ್‌ಇಡಿ ಹಾದು ಕಲೆಕ್ಟರಿಗೆ. ಬೇಸಿನ ರೆಸಿಸ್ಟರ್ 10ಕೆ ಹಾಕಿದರೆ ಕೋಣೆಯ ಬೆಳಕಿನಲ್ಲಿ ದೀಪ ಆರುವುದೇ ಇಲ್ಲ. ಕಾರಣ ಸರಳ. ದೀಪ ಆರಬೇಕಾದರೆ ಬೇಸ್ 0.6 ವೋಲ್ಟಿಗಿಂತ ಕೆಳಗಿಳಿಯಬೇಕು. 6 ವೋಲ್ಟಿನಲ್ಲಿ 10ಕೆ ಜೊತೆ ಹಾಗಾಗಲು ಎಲ್‌ಡಿಆರ್ ಸುಮಾರು 1ಕೆಗೆ ಇಳಿಯಬೇಕು. ತರಗತಿಯ ಬೆಳಕಿನಲ್ಲಿ ಅದು ಸಾಮಾನ್ಯವಾಗಿ ಹಲವು ಕಿಲೋಓಮ್ ಇರುತ್ತದೆ. 100ಕೆ ಹಾಕಿದರೆ 11ಕೆಗೆ ಬಂದರೂ ಸಾಕು. ಇದನ್ನು ನೀವು ಹೇಳಿಕೊಡುವ ಬದಲು 10ಕೆ ಕೊಟ್ಟು ಕಾಯಿರಿ. ಎಲ್‌ಡಿಆರನ್ನು ಕಿಟಕಿಯ ಹತ್ತಿರ ಅಳೆದು, ಅಂಗೈ ಮುಚ್ಚಿ ಅಳೆದು, ಯಾವ ರೆಸಿಸ್ಟರ್ ಬೇಕೆಂದು ಅವರೇ ಹೇಳಲಿ.

ಎರಡನೇ ದಿನ 555. ಎಂಟನೇ ಕಾಲು ಪ್ಲಸ್, ಒಂದು ಮೈನಸ್, ನಾಲ್ಕನ್ನು ಪ್ಲಸ್ಸಿಗೆ ಕಟ್ಟಿ. ಎರಡು ಮತ್ತು ಆರು ಒಂದಕ್ಕೊಂದು. ಎಂಟು–ಏಳರ ನಡುವೆ 10ಕೆ, ಏಳು–ಆರರ ನಡುವೆ 68ಕೆ, ಆರರಿಂದ ಮೈನಸ್ಸಿಗೆ 10 ಮೈಕ್ರೋಫ್ಯಾರಡ್, ಐದರಿಂದ ಮೈನಸ್ಸಿಗೆ 103. ಮೂರನೇ ಕಾಲಿಗೆ 330 ಓಮ್ ಮತ್ತು ಎಲ್‌ಇಡಿ. ಸೆಕೆಂಡಿಗೊಮ್ಮೆ ಮಿನುಗುತ್ತದೆ. ಇಷ್ಟು ನಿಧಾನ ಇಡುವುದಕ್ಕೂ ಕಾರಣವಿದೆ. ಮೀಟರಿನ ಕಡ್ಡಿಯನ್ನು ಆರನೇ ಕಾಲಿಗೆ ಹಿಡಿದರೆ ಅಂಕಿ 2ರ ಸುತ್ತಿನಿಂದ 4ರ ಸುತ್ತಿಗೆ ಹತ್ತಿ ಮತ್ತೆ ಇಳಿಯುವುದು ಕಣ್ಣಿಗೆ ಕಾಣುತ್ತದೆ: ಸೆಲ್ಲಿನ ಮೂರನೇ ಒಂದು, ಮೂರನೇ ಎರಡು. 12 ಬೋರ್ಡುಗಳೂ ಒಟ್ಟಿಗೆ ಮಿನುಗುವುದಿಲ್ಲ, ಈ ಕೆಪ್ಯಾಸಿಟರುಗಳ ಬೆಲೆ ಶೇ 20ರಷ್ಟು ಆಚೀಚೆ ಇರುತ್ತದೆ. ಪ್ರತಿ ಜೋಡಿ 30 ಮಿನುಗಿಗೆ ಎಷ್ಟು ಸೆಕೆಂಡೆಂದು ಗಡಿಯಾರ ಹಿಡಿದು ಬರೆಯಲಿ. ಹತ್ತದಿದ್ದರೆ ನೋಡಬೇಕಾದದ್ದು: ನಾಲ್ಕನೇ ಕಾಲು ಎಲ್ಲಿಗೂ ಸೇರದೆ ತೇಲಾಡುತ್ತಿದೆಯೇ, ಎರಡು–ಆರರ ತಂತಿ ಒಂದು ತೂತು ಪಕ್ಕಕ್ಕೆ ಹೋಗಿದೆಯೇ, ಐಸಿಯ ಕಚ್ಚು ಉಲ್ಟಾ ಇದೆಯೇ. ಉಲ್ಟಾ ಇದ್ದರೆ ಐಸಿ ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಮೊದಲು ಸ್ವಿಚ್ ಆರಿಸಿ. 1ಕೆ ಮತ್ತು 10ಕೆ ಬಣ್ಣದ ಪಟ್ಟಿಯಲ್ಲಿ ಕೆಂಪು–ಕೇಸರಿಯಷ್ಟೇ ಭೇದ, ಟ್ಯೂಬ್‌ಲೈಟಿನಲ್ಲಿ ದೊಡ್ಡವರೂ ತಪ್ಪುತ್ತಾರೆ. ಹಾಕುವ ಮೊದಲು ಅಳೆಯಿರಿ.

ಕೊನೆಯ ಒಂದೂವರೆ ಗಂಟೆ ಖಾಲಿ ಇಡಿ. ಮಿನುಗುತ್ತಿರುವ ಬೋರ್ಡುಗಳನ್ನು ಜೋಡಿಗಳು ಬದಲಿಸಿಕೊಳ್ಳಲಿ. ಪ್ರತಿ ಜೋಡಿ ಪಕ್ಕದವರ ಬೋರ್ಡಿನಲ್ಲಿ ಗುಟ್ಟಾಗಿ ಒಂದು ದೋಷ ಇಡಬೇಕು: ತಂತಿ ಒಂದು ತೂತು ಸರಿಸುವುದು, ಎಲ್‌ಇಡಿ ತಿರುಗಿಸುವುದು, 330ರ ಜಾಗದಲ್ಲಿ 68ಕೆ. ಸುಡುವಂಥದ್ದು ಮಾಡಬಾರದು. ಹುಡುಕುವವರು ಕೀಳುವ ಮೊದಲು ಮೂರು ಕಡೆ ಅಳೆದು ಬರೆಯಬೇಕು. ಎರಡು ದಿನದ ಕಲಿಕೆಯ ಮುಕ್ಕಾಲು ಪಾಲು ಈ ಒಂದೂವರೆ ಗಂಟೆಯಲ್ಲೇ ಆಗುತ್ತದೆ. ಊಟ ತಡವಾಯಿತು, ಅತಿಥಿಗಳು ಬಂದರು ಎಂದು ಇದನ್ನೇ ಮೊಟಕು ಮಾಡಬೇಡಿ. ಆರ್ಡುಯಿನೋ ಮುಂದಿನ ರಜೆಗಿರಲಿ.

ಪ್ರಶ್ನೆ: ಸೋಲ್ಡರ್ ಗುಂಡಗಾಗಿ ಉರುಳಿ ಬೀಳುತ್ತದೆ, ಬೋರ್ಡಿಗೆ ಅಂಟುವುದಿಲ್ಲ. 25 ವ್ಯಾಟಿನ ಐರನ್ ಇದೆ. ಬಿಟ್ (ತುದಿ) ಕಪ್ಪಾಗಿದೆ, ಅರದಿಂದ ಉಜ್ಜಿದೆ, ಆಮೇಲೆ ಇನ್ನೂ ಕೆಟ್ಟಿತು. ಸಂಜೆ ಹೊತ್ತು ಕರಗುವುದೇ ಕಷ್ಟ.
– ಡಿಪ್ಲೊಮಾ ವಿದ್ಯಾರ್ಥಿ, ವಿಜಯಪುರ

ಉತ್ತರ: ಕೊನೆಯ ಮಾತಿನಿಂದ ಶುರು ಮಾಡೋಣ. ಐರನ್ನಿನ ಕಾವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ ಸಂಜೆ 180 ಬಂದರೆ ನಿಮ್ಮ 25 ವ್ಯಾಟ್ ಬರೀ 15 ವ್ಯಾಟ್. ಜೊತೆಗೆ ಸೆಕೆಗೆ ಟೇಬಲ್ ಫ್ಯಾನ್ ಎದುರಿಗಿಟ್ಟುಕೊಂಡಿದ್ದರೆ ಉಳಿದ ಕಾವೂ ಹೋಯಿತು. ಫ್ಯಾನನ್ನು ಬೆನ್ನ ಹಿಂದೆ ದೂರಕ್ಕೆ ಸರಿಸಿ, ಬೆಳಗಿನ ಹೊತ್ತು ಕೂತು ನೋಡಿ. ಆಗ ಸಲೀಸಾಗಿ ಕರಗಿದರೆ ತಪ್ಪು ನಿಮ್ಮ ಕೈಯದ್ದಲ್ಲ.

ಈಗಿನ ಬಿಟ್‌ಗಳಲ್ಲಿ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪವಿರುತ್ತದೆ. ಅರ ಹಾಕಿದರೆ ಲೇಪ ಹೋಗಿ ಸೋಲ್ಡರ್ ತಾಮ್ರವನ್ನು ತಿನ್ನತೊಡಗುತ್ತದೆ, ಬಿಟ್ ಗುಳಿ ಬೀಳುತ್ತದೆ. ಆ ಬಿಟ್ ಬದಲಿಸಿ. ಹೊಸದನ್ನು ಮೊದಲ ಸಲ ಕಾಯಿಸುವಾಗಲೇ, ಸೋಲ್ಡರ್ ಕರಗುವಷ್ಟಾದ ಕೂಡಲೇ ತುದಿಗೆ ಸುತ್ತಲೂ ಸೋಲ್ಡರ್ ಹಚ್ಚಿ. ಕೆಲಸದ ನಡುವೆ ಒದ್ದೆ ಸ್ಪಂಜಿಗೆ ಒರೆಸಿ. ಸ್ಪಂಜು ಹಿಂಡಿದಂತಿರಬೇಕು, ನೀರು ಸೋರಬಾರದು. ಆರಿಸುವ ಮೊದಲು ಒರೆಸದೆ, ಸೋಲ್ಡರ್ ಹೊದಿಸಿಯೇ ಆರಿಸಿ.

ಗುಂಡಗಾಗುವುದಕ್ಕೆ ಕಾರಣ ನೀವು ಸೋಲ್ಡರನ್ನು ಬಿಟ್ ಮೇಲೆ ಕರಗಿಸಿ ಬೋರ್ಡಿಗೆ ಒಯ್ಯುತ್ತಿರುವುದು. ದಾರಿಯಲ್ಲೇ ಒಳಗಿನ ರಾಳ ಹೊಗೆಯಾಗಿ ಹೋಗುತ್ತದೆ. ಬಿಟ್ಟನ್ನು ಕಾಲಿಗೂ ತಾಮ್ರದ ಬಿಲ್ಲೆಗೂ ಒಟ್ಟಿಗೆ ತಾಗಿಸಿ, ಎರಡು ಎಣಿಸಿ, ಎದುರು ಬದಿಯಿಂದ ಸೋಲ್ಡರ್ ತಂತಿ ಮುಟ್ಟಿಸಿ. ಅದು ತಾನೇ ಹರಿದು ಕಾಲನ್ನು ಏರುತ್ತದೆ. ಮೊದಲು ತಂತಿ ತೆಗೆಯಿರಿ, ಆಮೇಲೆ ಐರನ್. ಆರುವವರೆಗೆ ಅಲುಗಾಡಿಸಬೇಡಿ. 60/40 ಸೋಲ್ಡರ್ (ತವರ 60, ಸೀಸ 40), 0.8 ಮಿಲಿಮೀಟರ್ ದಪ್ಪ, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೋರ್ಡ್ ಹಳೆಯದಾಗಿ ತಾಮ್ರ ಕಂದಿದ್ದರೆ ನುಣ್ಣನೆ ಪಾಲಿಶ್ ಕಾಗದದಿಂದ ಉಜ್ಜಿ. ತಗಡಿನ ಕೆಲಸದವರ ಆಸಿಡ್ ಫ್ಲಕ್ಸ್ ತರಬೇಡಿ, ಕೆಲವೇ ತಿಂಗಳಲ್ಲಿ ಕಾಲುಗಳು ಹಸಿರು ತುಕ್ಕು ಹಿಡಿಯುತ್ತವೆ. ಹೊಗೆ ರಾಳದ್ದು, ಅದನ್ನು ನೇರ ಉಸಿರಿಗೆ ಎಳೆದುಕೊಳ್ಳಬೇಡಿ. ಸೀಸ ಇರುವುದು ಬೆರಳಿನಲ್ಲಿ, ರೊಟ್ಟಿ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ಪ್ರಶ್ನೆ: ನಮ್ಮ ಪಾವರ್‌ಲೂಮಿಗೆ ಪಿಕ್ (ಅಡ್ಡ ಎಳೆ) ಎಣಸೂ ಕೌಂಟರ್ ನಾನ ಮಾಡೀನ್ರಿ. ಆರ್ಡುಯಿನೋ ಊನೋ, ಶಾಫ್ಟಿಗೊಂದು ಮ್ಯಾಗ್ನೆಟ್, ಬಾಜೂಕ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ರ ಬಂದ್ರ ಕೂಡೂ ಸ್ವಿಚ್). ನಿಮಿಷಕ್ಕ 150 ಪಿಕ್. ಒಂದ ಮಗ್ಗ ನಡದಾಗ ಛಲೋ ಎಣಸ್ತೈತಿ. ಬಾಜೂ ಮಗ್ಗದ ಮೋಟರ್ ಚಾಲೂ ಮಾಡಿದ್ರ ಎಣಿಕಿ ಸೊನ್ನಿಗೆ ಬರ್ತೈತಿ, ಒಮ್ಮೊಮ್ಮಿ ಹತ್ತಿಪ್ಪತ್ತು ಜಾಸ್ತೀನೂ ಆಗ್ತೈತಿ. ಏನ್ ಮಾಡ್ಲಿರಿ?
– ನೇಕಾರರು, ರಬಕವಿ

ಉತ್ತರ: ಇವು ಎರಡು ಬೇರೆ ಬೇರೆ ರೋಗ. ಸೊನ್ನೆಗೆ ಬರುವುದೆಂದರೆ ಊನೋ ಆರಿ ಹೊತ್ತುತ್ತಿದೆ. ಜಾಸ್ತಿಯಾಗುವುದೆಂದರೆ ರೀಡ್ ಸ್ವಿಚ್ಚಿನ ತಂತಿ ಸುಳ್ಳು ಹೇಳುತ್ತಿದೆ.

ಮೊದಲನೆಯದಕ್ಕೆ, ಊನೋವನ್ನು ಒಂದು ದಿನ ಪವರ್ ಬ್ಯಾಂಕ್ ಮೇಲೆ ಓಡಿಸಿ. ಸೊನ್ನೆಯಾಗುವುದು ನಿಂತರೆ ದೋಷ ಅಡಾಪ್ಟರಿನ ದಾರಿಯಲ್ಲಿದೆ. ನಿಲ್ಲದಿದ್ದರೆ ಸ್ಟಾರ್ಟರಿನ ಕಿಡಿ ಗಾಳಿಯಿಂದಲೋ ಸೆನ್ಸರ್ ತಂತಿಯಿಂದಲೋ ಒಳಗೆ ಬರುತ್ತಿದೆ. ಕೆಲವು ಪವರ್ ಬ್ಯಾಂಕುಗಳು ಸಣ್ಣ ಕರೆಂಟಿಗೆ ತಾವೇ ಬಂದ್ ಆಗುತ್ತವೆ, ಅದನ್ನು ರೋಗವೆಂದುಕೊಳ್ಳಬೇಡಿ. ಅಡಾಪ್ಟರಿನದೇ ದೋಷವಾದರೆ ಮೊಬೈಲ್ ಚಾರ್ಜರ್ ಬಿಟ್ಟು 9 ವೋಲ್ಟಿನ ಒಳ್ಳೆ ಅಡಾಪ್ಟರನ್ನು ದುಂಡು ಜ್ಯಾಕಿಗೆ ಕೊಡಿ, ಅದರ ಎರಡು ತಂತಿಗೆ ಅಡ್ಡಲಾಗಿ 2200 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪ್ಯಾಸಿಟರ್ ಹಾಕಿ. ಊನೋ ಸುಮಾರು 50 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ 9ರಿಂದ 7 ವೋಲ್ಟಿಗೆ ಇಳಿಯಲು ಸುಮಾರು 90 ಮಿಲಿಸೆಕೆಂಡ್ ಹಿಡಿಯುತ್ತದೆ, ವೋಲ್ಟೇಜಿನ ಸಣ್ಣ ಜೋಲಿಯನ್ನು ಅದು ದಾಟಿಸುತ್ತದೆ. ಮಗ್ಗಕ್ಕೆ ಹೋಗುವ ಲೈನಿನಿಂದಲೇ ಅಡಾಪ್ಟರಿಗೂ ಕರೆಂಟ್ ತೆಗೆಯಬೇಡಿ, ಲೈಟಿನ ಲೈನಿನಿಂದ ಕೊಡಿ.

ಕಿಡಿಯದ್ದಾದರೆ ಸ್ಟಾರ್ಟರಿನ ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸಾಲಾಗಿ ಹಾಕಿಸಬೇಕು. ಕೆಪ್ಯಾಸಿಟರ್ ಮೇಲೆ ಎಕ್ಸ್2 ಎಂದು ಬರೆದಿರಬೇಕು. 230 ವೋಲ್ಟಿನ ಕಾಯಿಲಿಗೆ 275 ವೋಲ್ಟಿನದು ನಡೆಯುತ್ತದೆ. ಕಾಯಿಲ್ 415ರದ್ದಾಗಿದ್ದರೆ ಅದನ್ನು ಹಾಕಲೇಬಾರದು, ಆ ವೋಲ್ಟೇಜಿಗೆಂದೇ ಬರುವ ಸಿದ್ಧ ಸಪ್ರೆಸರ್ ಕೇಳಿ. ಈ ಕೆಲಸ ಎಲೆಕ್ಟ್ರಿಶಿಯನ್ ಮಾಡಲಿ.

ಎಣಿಕೆ ಜಾಸ್ತಿಯಾಗುವುದಕ್ಕೆ ಊನೋದ ಒಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವ ರೆಸಿಸ್ಟರ್) ನೆಚ್ಚಬೇಡಿ, ಅದು 20ರಿಂದ 50ಕೆ, ಬಹಳ ಸಡಿಲ. ಹೊರಗಿನಿಂದ 5 ವೋಲ್ಟಿಗೆ 4.7ಕೆ, ಪಿನ್ನಿನ ಪಕ್ಕದಲ್ಲೇ ಮೈನಸ್ಸಿಗೆ 0.1 ಮೈಕ್ರೋಫ್ಯಾರಡ್ ಹಾಕಿ. ರೀಡ್ ಸ್ವಿಚ್ಚಿನ ಎರಡು ತಂತಿಗಳನ್ನು ಹುರಿ ಹೊಸೆದಂತೆ ಹೊಸೆದು ಮೋಟರ್ ಕೇಬಲ್ಲಿನಿಂದ ದೂರ ಎಳೆಯಿರಿ. ಪ್ರೋಗ್ರಾಮಿನಲ್ಲೂ ಕಾವಲು ಇಡಿ. ನಿಮಿಷಕ್ಕೆ 150 ಎಂದರೆ ಪಿಕ್ಕಿಗೆ 400 ಮಿಲಿಸೆಕೆಂಡ್. ಹಾಗಾಗಿ ಒಂದು ಎಣಿಸಿದ ಮೇಲೆ 100 ಮಿಲಿಸೆಕೆಂಡ್ ಏನು ಬಂದರೂ ಕಣ್ಣು ಮುಚ್ಚಿಕೊಳ್ಳಲಿ. ರೀಡ್ ಸ್ವಿಚ್ ಮುಟ್ಟುವಾಗ ಕುಣಿಯುವ ಕುಣಿತವೂ ಅದರಲ್ಲಿ ಸತ್ತುಹೋಗುತ್ತದೆ.

ಎಣಿಕೆಯನ್ನು ಈಈಪ್ರಾಮಿನಲ್ಲಿ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಉಳಿಸುವ ಯೋಚನೆ ಬಂದೀತು. ಪ್ರತಿ ಪಿಕ್ಕಿಗೂ ಬರೆಯಬೇಡಿ. ಆ ಮೆಮೊರಿಯ ಒಂದೊಂದು ಮನೆಗೂ 1 ಲಕ್ಷ ಸಲ ಬರೆಯುವ ಖಾತರಿ ಮಾತ್ರ. ಗಂಟೆಗೆ 9,000 ಪಿಕ್ಕಾದರೆ 11 ಗಂಟೆಗೆ ಖಾತರಿ ಮುಗಿಯಿತು. 500 ಪಿಕ್ಕಿಗೊಮ್ಮೆ ಬರೆಯಿರಿ, ಮನೆಯನ್ನೂ ಬದಲಿಸುತ್ತಾ ಹೋಗಿ. ಊನೋದಲ್ಲಿ 1024 ಬೈಟ್ ಇವೆ, ನಾಲ್ಕು ಬೈಟಿನ ಎಣಿಕೆಗೆ 256 ಮನೆ. ಕೊನೆಗೆ, ಹತ್ತಿಯ ದೂಳು ಒಳಗೆ ಹೋಗದಂತೆ ಡಬ್ಬಿ ಮುಚ್ಚಿ.

ಪ್ರಶ್ನೆ: ಏಳನೇ ತರಗತಿಯ ಮಗನನ್ನು ವಾರಾಂತ್ಯದ ‘ಮೇಕರ್’ ಕಾರ್ಯಾಗಾರಕ್ಕೆ ಸೇರಿಸಬೇಕೆಂದಿದ್ದೇವೆ. ಒಳ್ಳೆಯದು ಯಾವುದೆಂದು ತಿಳಿಯುವುದು ಹೇಗೆ?
– ತಾಯಿ, ಬೆಳಗಾವಿ

ಉತ್ತರ: ಒಂದು ಕಿಟ್‌ಗೆ ಎಷ್ಟು ಮಕ್ಕಳು, ಮಲ್ಟಿಮೀಟರ್ ಮಗುವಿನ ಕೈಗೆ ಕೊಡುತ್ತಾರೋ, ಮಾಡಿದ್ದನ್ನು ಮನೆಗೆ ಬಿಡುತ್ತಾರೋ ಎಂದು ಕೇಳಿ. ಎಲ್ಲ ಮಕ್ಕಳ ಕೈಯಲ್ಲೂ ಸಂಜೆ ಒಂದೇ ಥರದ, ಎಲ್ಲವೂ ಓಡುವ ಮಾದರಿ ಇದ್ದರೆ ಸ್ವಲ್ಪ ಅನುಮಾನಿಸಿ. ಸರ್ಟಿಫಿಕೇಟಿನ ಮಾತು ಮೊದಲೇ ಬಂದರೆ ಇನ್ನೂ ಅನುಮಾನಿಸಿ. ಮಗನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ವಿಚಾರಿಸಿ. ಅದು 6ರಿಂದ 12ನೇ ತರಗತಿಯವರಿಗೆಂದೇ ಇರುವುದು, ಬೀಗ ಹಾಕಿದ್ದರೆ ತೆಗೆಸಿ ಎಂದು ಪಾಲಕರಾಗಿ ನೀವು ಕೇಳಿ.

ಪ್ರಶ್ನೆ: ಕಬ್ಬಿನ ಹೊಲದಲ್ಲಿ ಹುಗಿದ ಎರಡು ಕಡ್ಡಿಯ ತೇವಾಂಶ ಸೆನ್ಸರ್ ತಿಂಗಳೊಳಗೆ ತುಕ್ಕು ಹಿಡಿಯಿತು. ಒಣ ಮಣ್ಣಿನಲ್ಲೂ ‘ಹಸಿ’ ಎನ್ನುತ್ತಿತ್ತು.
– ಪಿಯುಸಿ ವಿದ್ಯಾರ್ಥಿ, ಮುಧೋಳ

ಉತ್ತರ: ಆ ಸೆನ್ಸರ್ ಅಳೆಯುವುದು ಮಣ್ಣಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು. ನೀರಿನಷ್ಟೇ ಉಪ್ಪೂ ಅದಕ್ಕೆ ಕಾರಣ. ಸವಳು ಭೂಮಿಯಲ್ಲಿ, ಗೊಬ್ಬರ ಹಾಕಿದ ಮರುದಿನ, ಅದು ಸುಳ್ಳು ಹೇಳಿಯೇ ಹೇಳುತ್ತದೆ. ಸದಾ ಒಂದೇ ದಿಕ್ಕಿಗೆ ಕರೆಂಟ್ ಹರಿದರೆ ಪ್ಲಸ್ ಕಡ್ಡಿಯ ಲೋಹ ಕರಗಿ ಮಣ್ಣು ಸೇರುತ್ತದೆ. ತಪ್ಪಿಸಬೇಕಾದರೆ ಅದರ ಪ್ಲಸ್ ತಂತಿಯನ್ನು ಆರ್ಡುಯಿನೋದ ಒಂದು ಡಿಜಿಟಲ್ ಪಿನ್ನಿಗೆ ಕೊಟ್ಟು, ಅರ್ಧ ಗಂಟೆಗೊಮ್ಮೆ ಆ ಪಿನ್ ಹೊತ್ತಿಸಿ, 50 ಮಿಲಿಸೆಕೆಂಡ್ ಬಿಟ್ಟು ಓದಿ, ಆರಿಸಿ. ಆಯುಷ್ಯ ಹೆಚ್ಚುತ್ತದೆ, ಉಪ್ಪಿನ ತೊಂದರೆ ಉಳಿಯುತ್ತದೆ.

ಕೆಪ್ಯಾಸಿಟಿವ್ ಸೆನ್ಸರಿಗೆ ಬದಲಿಸುವುದು ಲೇಸು, ಅದರ ಲೋಹ ಮಣ್ಣಿಗೆ ತಾಗುವುದಿಲ್ಲ. ಅದೂ ಅಂಗಡಿಯಿಂದ ಬಂದ ಹಾಗೇ ಹುಗಿಯುವಂಥದ್ದಲ್ಲ. ಬೋರ್ಡ್ ಕತ್ತರಿಸಿದ ಅಂಚುಗಳಿಂದ ನೀರು ಒಳಗೆ ಇಳಿಯುತ್ತದೆ, ಅಂಚಿಗೆಲ್ಲ ಉಗುರುಬಣ್ಣವನ್ನೋ ಎಪಾಕ್ಸಿಯನ್ನೋ ಎರಡು ಸಲ ಬಳಿಯಿರಿ. ಮೇಲಿನ ಬಿಡಿಭಾಗಗಳ ಮೇಲೆ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಎರೆ ಮಣ್ಣಿನಲ್ಲಿ ಇನ್ನೊಂದು ತೊಡಕು: ಒಣಗಿದಾಗ ಬಿರುಕು ಬಿಟ್ಟು ಸೆನ್ಸರ್ ಸುತ್ತ ಗಾಳಿ ನಿಲ್ಲುತ್ತದೆ, ಆಗ ಇಲ್ಲದ ಒಣ ತೋರಿಸುತ್ತದೆ. ಹುಗಿಯುವಾಗ ಅದೇ ಮಣ್ಣನ್ನು ರಾಡಿ ಮಾಡಿ ಸುತ್ತ ತುಂಬಿ, ಬಿರುಕು ಬೀಳುವ ಜಾಗದಿಂದ ಆಚೆ, ಬೇರಿನ ಆಳಕ್ಕೆ ಇಡಿ. ‘ಒಣ’, ‘ಹಸಿ’ ಅಂಕಿಗಳನ್ನು ಲೋಟದ ನೀರಿನಲ್ಲಿ ತೆಗೆಯಬೇಡಿ. ನಿಮ್ಮ ಹೊಲದ ಮಣ್ಣನ್ನೇ ಒಣಗಿಸಿ ಪುಡಿ ಮಾಡಿ, ತೂಕ ಮಾಡಿದ ಒಂದು ಕಿಲೋಗೆ 50 ಮಿಲಿಲೀಟರ್‌ನಂತೆ ನೀರು ಕಲಸುತ್ತಾ ಪ್ರತಿ ಸಲ ಅಂಕಿ ಬರೆದುಕೊಳ್ಳಿ. ಪಂಪಿನ ತ್ರೀ ಫೇಸ್ ಸ್ಟಾರ್ಟರಿಗೆ ನೀವೇ ರಿಲೇ ಕಟ್ಟಲು ಹೋಗಬೇಡಿ. ಸದ್ಯಕ್ಕೆ ಅಂಕಿ ನೋಡಿ ಕೈಯಿಂದಲೇ ಚಾಲೂ ಮಾಡಿ.

ಪ್ರಶ್ನೆ: 12 ವೋಲ್ಟ್ ಬ್ಯಾಟರಿಯಿಂದ 7805 (5 ವೋಲ್ಟಿಗೆ ಇಳಿಸುವ ರೆಗ್ಯುಲೇಟರ್) ಹಾಕಿ ಇಎಸ್‌ಪಿ32 (ವೈಫೈ ಇರುವ ಪುಟ್ಟ ಬೋರ್ಡ್) ನಡೆಸುತ್ತಿದ್ದೇನೆ. ಮಧ್ಯಾಹ್ನ ತಾನೇ ನಿಂತುಬಿಡುತ್ತದೆ.
– ಓದುಗರು, ಇಂಡಿ

ಉತ್ತರ: 7805 ಕಾದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ. 12ರಲ್ಲಿ 5 ಕಳೆದು ಉಳಿದ 7 ವೋಲ್ಟನ್ನು ಅದು ಬರೀ ಕಾವಾಗಿ ಸುಡಬೇಕು. 300 ಮಿಲಿಆಂಪಿಯರ್ ಹಿಡಿದರೂ 2.1 ವ್ಯಾಟ್. ಹೀಟ್‌ಸಿಂಕ್ ಇಲ್ಲದಿದ್ದರೆ ವ್ಯಾಟಿಗೆ ಸುಮಾರು 65 ಡಿಗ್ರಿಯಂತೆ ಏರುತ್ತದೆ, ಅದರ ಮೇಲೆ ನಿಮ್ಮೂರಿನ 40 ಡಿಗ್ರಿ. ಎಲ್‌ಎಂ2596 ಇರುವ ಬಕ್ ಮಾಡ್ಯೂಲ್ (ಹೆಚ್ಚು ಕಾವಿಲ್ಲದೆ ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ, ಬೆಚ್ಚಗಷ್ಟೇ ಆಗುತ್ತದೆ. ಆದರೆ ಹೊಸ ಮಾಡ್ಯೂಲ್ 5 ವೋಲ್ಟಿಗೇ ಹೊಂದಿಸಿ ಬಂದಿರುತ್ತದೆಂದು ನಂಬಬೇಡಿ. ಇಎಸ್‌ಪಿ32 ಜೋಡಿಸುವ ಮೊದಲು ಹೊರಬದಿಗೆ ಮೀಟರ್ ಹಿಡಿದು, ನೀಲಿ ಟ್ರಿಮ್ಮರಿನ ಹಿತ್ತಾಳೆ ಸ್ಕ್ರೂ ತಿರುಗಿಸುತ್ತಾ 5.0ಕ್ಕೆ ತನ್ನಿ. ಎಷ್ಟೋ ಸುತ್ತು ತಿರುಗಿಸಿದರೂ ಅಂಕಿ ಅಲುಗದೆ ಇರಬಹುದು, ಹೆದರದೆ ಎಡಕ್ಕೆ ತಿರುಗಿಸುತ್ತಲೇ ಇರಿ. ಬಂದ ಮೇಲೆ ಸ್ಕ್ರೂ ಮೇಲೆ ಒಂದು ಹನಿ ಉಗುರುಬಣ್ಣ ಹಾಕಿ.